ಬ್ಯಾರಿ ಮಾತಿನ ಜಾಗ

ಕಾನೂನಿನಂತೆ ಒಬ್ಬರ ತಲೆಯಲ್ಲಿ ಮೂರು ಭಾಷೆಗಳಿಗಷ್ಟೇ ಅನುಮತಿಯಿತ್ತು. ಹಡಗಿನ ಕೆಲಸಕ್ಕೆ ಜಪಾನಿ ಬೇಕೆಂದು ಇದ್ದಿನಬ್ಬ ತನ್ನ ಮನೆಮಾತು ಬ್ಯಾರಿಯನ್ನು ತೆಗೆಸಲು ಮಂಗಳೂರಿನ ಭಾಷಾ ಕೇಂದ್ರಕ್ಕೆ ಬಂದಿದ್ದ. ಅಲ್ಲಿನ ತಂತ್ರಜ್ಞೆ ಶಶಿರೇಖಾ ಅವನ ಎಡಗಿವಿಯ ಮೇಲೆ ಅಯಸ್ಕಾಂತದ ಸುರುಳಿಯನ್ನು ಸರಿಸುತ್ತಾ ಚಿತ್ರಗಳನ್ನು ತೋರಿಸಿದಳು. ಸುರುಳಿ ಒಂದು ಕಡೆ ಬಂದಾಗ ಮೀನಿನ ಬ್ಯಾರಿ ಹೆಸರು ಅವನ ಬಾಯಿಗೆ ಬರಲಿಲ್ಲ. ಅಲ್ಲಿಗೆ ಗುರುತು ಹಾಕಿದಳು.

"ಕೊನೆಗೆ ಬ್ಯಾರಿಯಲ್ಲಿ ಏನಾದ್ರೂ ಹೇಳ್ಲಿಕ್ಕುಂಟಾ?" ಎಂದು ವಾಡಿಕೆಯಂತೆ ಕೇಳಿದಳು.

ಅವನು ತೀರಿಹೋದ ತಾಯಿಯನ್ನು ‘ಉಮ್ಮಾ’ ಎಂದು ಕರೆದು, ಶಶಿರೇಖಾಗೆ ತಿಳಿಯದ ಆ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿ ಕಣ್ಣೊರೆಸಿಕೊಂಡ. ಅವಳು ಅಳಿಸುವ ಗುಂಡಿ ಒತ್ತಿದಳು.

ಆಮೇಲೆ ಮನಸ್ಸು ತಡೆಯದೆ ಕೇಳಿದಳು: "ಉಮ್ಮನಿಗೆ ಏನು ಹೇಳಿದ್ರಿ?"

"ಹೇಳಿದ್ದು ನೆನಪುಂಟು, ಅರ್ಥವೇ ಆಗುದಿಲ್ಲ ಮೇಡಂ. ಒತ್ತುವ ಮೊದಲು ಕೇಳ್ಬಾರದಿತ್ತಾ?"

ಹನ್ನೊಂದು ವರ್ಷ ಇದೇ ಕೆಲಸ ಮಾಡಿದ ಶಶಿರೇಖಾ ಒತ್ತುವ ಮೊದಲು ಒಬ್ಬರ ಮಾತಿನ ಅರ್ಥವನ್ನೂ ಕೇಳಿರಲಿಲ್ಲ.