ಎರಡು ಗಂಟೆಯ ಸುಲೇಪೇಟ ಬಸ್ಸು

"ಯಾರನ್ನೂ ಒಳಗ ಬಿಡಬ್ಯಾಡ ಫಕೀರಸಾಬ. ದೇವ್ರೇ ಬಂದ್ರೂ ಗೇಟಿನ ಹೊರಗೇ ನಿಂದ್ರಸು."

ವಾರ್ಡನ್ ಅನಸುಬಾಯಿ ಕಾವಲುಗಾರನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನು ಬಂದೇಬಿಟ್ಟಿದ್ದ. ಇಪ್ಪತ್ತರ ಆಸುಪಾಸಿನ ಹುಡುಗ. ಹುಬ್ಬಿನ ಮೇಲೆಲ್ಲ ಶಹಾಬಾದ ಕಲ್ಲಿನ ಬಿಳಿ ಧೂಳು. ನಿಂತಲ್ಲಿ ನಿಲ್ಲಲಾರ. ಗೇಟಿನ ಸರಳು ಹಿಡಿಯುವನು, ಬಿಡುವನು, ಮತ್ತೆ ಹಿಡಿಯುವನು.

ಇಂಥವನೊಬ್ಬ ಬರುತ್ತಾನೆಂದು ಅವಳು ಮೂರು ದಿನದಿಂದ ಕಾದಿದ್ದಳು.

ಮೂರು ದಿನಕ್ಕೆ ಮೂರು ತಂತಿ. ಮೂರರಲ್ಲೂ ಒಂದೇ ಮಾತು: ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೇಟ್ಲಿ. ಕಳಿಸಿದವರ ಹೆಸರಿಲ್ಲ. ವಿಳಾಸ ಮಾತ್ರ ಹುಡುಗಿಯರಿಗೆ ಬರುವ ಎಲ್ಲ ತಂತಿಗಳಿಗೂ ಇರುವುದೇ: ವಾರ್ಡನ್, ಬಾಲಕಿಯರ ಹಾಸ್ಟೆಲ್, ಚಿತ್ತಾಪುರ. ಹೊರಟದ್ದು ಸುಲೇಪೇಟ ಅಂಚೆ ಕಚೇರಿಯಿಂದ. ನಲವತ್ತು ಹುಡುಗಿಯರಲ್ಲಿ ಆ ಕಡೆಯವಳು ಒಬ್ಬಳೇ, ಹತ್ತನೆಯ ಇಯತ್ತೆಯ ಹಣಮವ್ವ. ನಾಳೆ ಅವಳ ಬೋರ್ಡ್ ಪರೀಕ್ಷೆ. ಸಂಕ್ರಾಂತಿಗೆ ಊರಿಗೆ ಹೋಗಿ ಬಂದವಳೇ ಕಾಲು ಹಿಡಿದು ಅತ್ತಿದ್ದಳು: "ಸ್ವಾದರಮಾವಗ ಕೊಟ್ಟು ಮದಿವಿ ಮಾಡತಾರಂತ್ರಿ ಬಾಯಾರ. ಯಾರು ಕರಿಲಿಕ್ಕೆ ಬಂದ್ರೂ ಕಳಸಬ್ಯಾಡ್ರಿ."

ಮೂರೂ ತಂತಿ ಒಲೆ ಸೇರಿದ್ದವು.

ಹನ್ನೊಂದು ವರ್ಷದಿಂದ ಅನಸುಬಾಯಿಗೆ ಈ ಹಾಸ್ಟೆಲೇ ಮನೆ. ನಲವತ್ತು ತಲೆಯ ಹೇನು ಅವಳದು, ನಲವತ್ತು ಹೊಟ್ಟೆಯ ನೋವು ಅವಳದು. ಮಾರ್ಚ್ ಬಂತೆಂದರೆ ಈ ಸೀಮೆಯ ತಾಯಂದಿರೆಲ್ಲ ಹಾಸಿಗೆ ಹಿಡಿಯುತ್ತಾರೆ, ಮಗಳ ಕೊರಳಿಗೆ ತಾಳಿ ಬಿದ್ದ ದಿನ ಎದ್ದು ಕೂರುತ್ತಾರೆ. ಇದು ಅವಳು ಕೇಳಿ ತಿಳಿದದ್ದಲ್ಲ. ಹದಿನೆಂಟು ವರ್ಷದ ಹಿಂದೆ ಗುಲಬರ್ಗಾದ ಹಾಸ್ಟೆಲಿನಲ್ಲಿ ಇಂಥದೇ ತಂತಿ ಅವಳ ಕೈಗೂ ಬಂದಿತ್ತು. ಹಾದಿಯುದ್ದಕ್ಕೂ ಅತ್ತು ಊರು ಮುಟ್ಟಿದರೆ ಅವ್ವ ಬಾಗಿಲಲ್ಲಿ ಗಟ್ಟಿಮುಟ್ಟಾಗಿ ನಿಂತಿದ್ದಳು, ಅಂಗೈ ತುಂಬ ಅರಿಶಿನ. ಮೂರೇ ತಿಂಗಳಿಗೆ ಗಂಡನ ಮನೆ ಬಿಟ್ಟು ಓಡಿದ ಅನಸುಬಾಯಿ ತವರಿನ ಹೊಸ್ತಿಲನ್ನೂ ಮತ್ತೆ ತುಳಿದಿರಲಿಲ್ಲ.

ಇಂಥವರನ್ನು ಬೈದು ಅಟ್ಟಬಾರದು. ಅಟ್ಟಿದರೆ ಹತ್ತು ಮಂದಿಯನ್ನು ಕಟ್ಟಿಕೊಂಡು ಬರುತ್ತಾರೆ. ಹೊತ್ತು ಕಳೆಯಬೇಕು. ಸುಲೇಪೇಟಕ್ಕೆ ದಿನಕ್ಕೊಂದೇ ಬಸ್ಸು. ಒಂದಕ್ಕೆ ಬಂದು ಎರಡಕ್ಕೆ ತಿರುಗುತ್ತದೆ. ತಾನು ಆ ಬಸ್ಸು ಹತ್ತಿ ಹದಿನೆಂಟು ವರ್ಷವಾಗಿದ್ದರೂ ಅದರ ವೇಳೆ ಅವಳಿಗೆ ಬಾಯಿಪಾಠ. ಈಗ ಒಂದೂವರೆ. ಅರ್ಧ ತಾಸು ತಡೆದರೆ ಹುಡುಗಿ ಉಳಿದಳು.

ಗೇಟಿನ ಒಳಗಿನ ಕಲ್ಲುಕಟ್ಟೆಯ ಮೇಲೆ ಅವಳು ನಿಧಾನಕ್ಕೆ ಕೂತಳು.

"ನೀ ಕೇಳಿದ ವಾರ್ಡನ್ ಬಾಯಿ ಇವರೇ ನೋಡಪಾ," ಎಂದ ಫಕೀರಸಾಬ.

ಹುಡುಗ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ತಂತಿ ಮುಟ್ಯಾವೋ ಇಲ್ಲೋ?"

"ಮುಟ್ಯಾವ. ಕುಂದ್ರು ತಮ್ಮಾ, ಚಾ ಕುಡಿ."

"ಈಗ ತಮ್ಮ ಆದ್ನೇನು?" ಕಹಿಯಾಗಿ ನಕ್ಕ. "ಓದೀರೋ ಇಲ್ಲೋ?"

"ಓದೀನಿ. ಓದಿ ಒಲಿಗಿ ಹಾಕೀನಿ."

ಸರಳು ಹಿಡಿದ ಬೆರಳು ಬಿಳಿಚಿಕೊಂಡವು. "ಅವ್ವ ಸಾಯ್ಲಿಕತ್ತಾಳಂದ್ರ ಒಲಿಗಿ ಹಾಕ್ತೀರಿ! ಕಲ್ಲಿನ ಗಣ್ಯಾಗ ದುಡಿಯಾಂವ ನಾ. ಇಂಥಾ ಕಲ್ಲು ಅಲ್ಲೂ ನೋಡಿಲ್ಲ."

"ಈಗ ಹ್ಯಾಂಗದಾಳ ಅವ್ವ? ಎದ್ದು ರೊಟ್ಟಿ ಬಡೀಲಿಕತ್ತಾಳೋ?"

"ನಸುಕಿನಾಗ ಹ್ವಾದಳು. ಹೆಣ ಅಂಗಳದಾಗದ. ಮಗಳು ಬರೂತನಕ ಎತ್ತಬ್ಯಾಡ್ರಿ ಅಂತ ಆಣಿ ಹಾಕಿ ಸತ್ತಾಳ. ಬಿಸಲು ನೋಡ್ರಿ ಹ್ಯಾಂಗದ. ಏಳ್ರಿ. ಎರಡರ ಬಸ್ಸು ತಪ್ಪಿದ್ರ ನಾಳಿ ತನಕ ಹೆಣ ತಡ್ಯಾಂಗಿಲ್ಲ."

ಫಕೀರಸಾಬ ಕಸಿವಿಸಿಯಿಂದ ಕೀಲಿಕೈ ಎತ್ತಿದ. ಅನಸುಬಾಯಿ ಕಣ್ಣಲ್ಲೇ ತಡೆದಳು.

"ಹ್ವಾದ ವರ್ಷನೂ ಹಿಂಗೇ ಒಂದು ಹೆಣ ಇತ್ತು ತಮ್ಮಾ. ಮಗಳ ಮದಿವ್ಯಾಗ ನಿಂತು ಹೋಳಿಗಿ ಬಡಿಸ್ತು."

ಹುಡುಗ ಬಿಸಿಲಲ್ಲಿ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ತಿರುಗಿದ. ಹಾಸ್ಟೆಲಿನ ಒಳಗೆ ಒಮ್ಮೆಯೂ ಇಣುಕಲಿಲ್ಲ. ಕಣ್ಣೆಲ್ಲ ಅವಳ ಮೇಲೆಯೇ.

"ಮಗಳು ಸಾಲಿ ಕಲತಳು. ಮಗ ನಾಕನೇ ಇಯತ್ತೆಗೇ ಸಾಲಿ ಬಿಟ್ಟು ಕಲ್ಲು ಒಡದ. ಆ ಸಾಲಿ ಕಲಿಸಿದ್ದು ಇದನ್ನೇ ಏನ್ರಿ?"

"ಇದನ್ನೇ. ಕರದಾಗೆಲ್ಲ ಓಡಿ ಹೋಗಿ ಕೊರಳು ಒಡ್ಡಬಾರದು ಅನ್ನೂದನ್ನ."

"ಇದೇ ಕಡೀ ಮಾತೇನು?"

"ಇದೇ."

ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿತು. ಒಂದು ಸಲ, ಎರಡು ಸಲ. ಆಮೇಲೆ ಇಂಜಿನ್ನಿನ ಸದ್ದು ಸೇಡಂ ರಸ್ತೆಯಲ್ಲಿ ಕರಗಿತು. ಹುಡುಗನ ಕೈಗಳು ಸರಳಿನಿಂದ ಜಾರಿ ಬಿದ್ದವು. ಅನಸುಬಾಯಿ ಮೂರು ದಿನದಿಂದ ಬಿಗಿಹಿಡಿದ ಉಸಿರು ಬಿಟ್ಟಳು.

ಹಿಂದೆ ಬಾಗಿಲು ಕಿರುಗುಟ್ಟಿತು. ಪುಸ್ತಕ ಎದೆಗೆ ಒತ್ತಿಕೊಂಡು ಹಣಮವ್ವ ನಿಂತಿದ್ದಳು.

"ಬಾ ಹೊರಗ. ಬಸ್ಸು ಹ್ವಾತು. ನಿಮ್ಮಣ್ಣ ಇನ್ನೇನೂ ಮಾಡಲಾರ."

ಹುಡುಗಿ ಬಗ್ಗಿ ಗೇಟಿನಾಚೆ ನೋಡಿದಳು. ಮತ್ತೊಮ್ಮೆ ನೋಡಿದಳು.

"ಇಂವ ನಮ್ಮಣ್ಣ ಅಲ್ರಿ ಬಾಯಾರ. ಇವನ್ನ ನಾ ನೋಡೇ ಇಲ್ಲ."

ಅನಸುಬಾಯಿಗೆ ಸಿಟ್ಟು ನೆತ್ತಿಗೇರಿತು. ಕಟ್ಟೆಯಿಂದ ಜಿಗಿದೆದ್ದಳು. "ಹಂಗಾರ ಯಾರೋ ನೀ? ಯಾರ ಮನಿ ಹುಡುಗಿನ್ನ ಒಯ್ಲಿಕ್ಕೆ ಬಂದಿದ್ದಿ?"

ಹುಡುಗ ಹಣಮವ್ವನನ್ನು ನೋಡಿದ, ಅನಸುಬಾಯಿಯನ್ನು ನೋಡಿದ. ಅವನ ಮುಖದ ಮೇಲಿನ ಬೆಂಕಿ ಒಮ್ಮೆಲೇ ಆರಿಹೋಯಿತು.

"ನಿನ್ನ ಕಂಕುಳಾಗ ಆಡಿದ ಮಾಣಿಕ ಅಕ್ಕಾ, ನಾ," ಎಂದ ಮೆಲ್ಲಗೆ. "ಈಗ ಹ್ವಾತಲ್ಲ, ಅದು ನಿನ್ನ ಬಸ್ಸು."