ಹೆನ್ರಿ ಸಾನ್‌ಗೆ ಒಂದು ಹಾರ

“ಎತ್ತೋಕೆ ನಾಲ್ಕು ಜನ ಬೇಕಾಯ್ತಂತೆ ಅತ್ತೆ,” ಎಂದಳು ಹಂಸಾ, ಫೋನಿಗೆ ಕೈ ಅಡ್ಡ ಹಿಡಿದು. “ಸುನಾಮಿ ದಿನ. ಮನೆಯೆಲ್ಲ ಕೊಚ್ಕೊಂಡು ಹೋಯ್ತಂತೆ. ಮೊರಿತಾ ಸಾನ್ ಉಳಿಸ್ಕೊಂಡಿದ್ದು ಹೆನ್ರಿ ಸಾನ್ ಒಬ್ರನ್ನೇ.”

“ಪಾಪ, ನಡೆಯೋಕಾಗದವರು,” ಎಂದರು ವೇದವಲ್ಲಿ. “ಯಾವಾಗ ಬರ್ಲಿ, ಅದನ್ನ ಕೇಳು.”

ಹೆನ್ರಿ ಸಾನ್ ಚಳಿಗಾಲದಲ್ಲಿ ಹೀಟರ್ ಬಿಟ್ಟು ಕದಲುವುದಿಲ್ಲ, ಯಾರಿಗೂ ಮುಖ ತೋರಿಸುವುದಿಲ್ಲ, ಏಪ್ರಿಲ್ ಕಳೆಯಲಿ ಎಂಬ ಉತ್ತರ ಬಂತು.

ವೇದವಲ್ಲಿ ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾಗಿ, ಜಪಾನಿನ ಎಡೋಗಾವಾದಲ್ಲಿ ಮಗ ಸೊಸೆಯ ಜೊತೆ ಇದ್ದರು. ತಲೆಯಲ್ಲಿ ಮಾತ್ರ ಹಗಲಿರುಳೂ ಕ್ರಾಲಿ ಸಾಹೇಬ. ವಿಕ್ಟೋರಿಯಾ ರಾಣಿಯ ಕಾಲದ ಈ ನಿಸರ್ಗತಜ್ಞ ಮೈಸೂರು ಸೀಮೆಯಲ್ಲಿ ಜೀರುಂಡೆ ಹಿಡಿದು, ಮಂಗಳೂರಿನಲ್ಲಿ ಹಡಗು ಹತ್ತಿದ್ದ. ಅವನ ಪ್ರವಾಸ ಕಥನ ಹಿಂದೂ ಮಹಾಸಾಗರದ ದ್ವೀಪವೊಂದರಲ್ಲಿ ನಿಂತುಹೋಗಿತ್ತು: “ಇಲ್ಲಿ ಹೆನ್ರಿ ಜೊತೆಯಾದ. ಇನ್ನು ನಾನು ಒಂಟಿಯಲ್ಲ.” ಹಡಗು ಮುಳುಗಿತೆಂದು ವಿದ್ವಾಂಸರು ಕೈ ತೊಳೆದುಕೊಂಡಿದ್ದರು. ಇಲ್ಲ, ಅವನು ಜಪಾನಿಗೆ ಬಂದು ಇಲ್ಲಿಯೇ ಬಾಳಿದ ಎಂದು ವೇದವಲ್ಲಿ ದಪ್ಪ ಪುಸ್ತಕವನ್ನೇ ಬರೆದಿದ್ದರು.

ಪುಸ್ತಕವನ್ನು ರಾಜ್ಯೋತ್ಸವಕ್ಕೆ ಬಿಡುಗಡೆ ಮಾಡಿಸುತ್ತೇನೆಂದಿದ್ದ ಕನ್ನಡ ಕೂಟದ ಅಧ್ಯಕ್ಷ ಶ್ರೀಪಾದ, ಓದಿ ನಕ್ಕಿದ್ದ.

“ಇಮ್ಯಾಜಿನೇಷನ್ ಸೂಪರ್ ಮೇಡಂ. ಕಾದಂಬರಿ ಅಂತ ಹಾಕ್ಬಿಡಿ.”

ಕಾದಂಬರಿಯಂತೆ! ನಿವೃತ್ತಿಯ ನಂತರದ ಬದುಕನ್ನೆಲ್ಲ ಸುರಿದ ಪುಸ್ತಕ. ವೇದವಲ್ಲಿಗೆ ಎರಡು ಹೊತ್ತು ಅನ್ನ ಸೇರಲಿಲ್ಲ.

ಅಷ್ಟರಲ್ಲಿ ಹಂಸಾಳ ಆಫೀಸಿನ ಒಕಾದಾ ಸಾನ್ ಮಾತಿಗೆ ಮಾತು ಬಂದು ಹೇಳಿದ್ದು ಇದು: ಅವನ ಚಿಕ್ಕಮ್ಮ ಮೊರಿತಾ ಸಾನ್ ಮನೆತನದವರು ಈಶಾನ್ಯ ಕರಾವಳಿಯಲ್ಲಿ ಕ್ರಾಲಿ ಎಂಬ ವಿದೇಶಿಯ ಬಂಗಲೆಯನ್ನು ತಲೆಮಾರುಗಳಿಂದ ನೋಡಿಕೊಂಡಿದ್ದರು. ಬಂಗಲೆ, ಕಾಗದಪತ್ರ, ಕೀಟದ ಪೆಟ್ಟಿಗೆ ಎಲ್ಲವೂ ಸಮುದ್ರದ ಪಾಲು. ಉಳಿದದ್ದು ಹೆನ್ರಿ ಸಾನ್, ನಮ್ಮ ಮಾತಿನಲ್ಲಿ ಹೆನ್ರಿಯವರು. ಈಗ ಚಿಕ್ಕಮ್ಮನ ಜೊತೆ ಕೋಬೆಯಲ್ಲಿ ವಾಸ.

“ಸಾಹೇಬರ ಹೆನ್ರಿಯ ಮೊಮ್ಮಗ ಇರ್ಬೇಕು,” ವೇದವಲ್ಲಿ ಕುರ್ಚಿಯಿಂದ ಎದ್ದೇಬಿಟ್ಟರು. “ಇಲ್ಲಾ ಮರಿಮಗ. ತಾತನ ಹೆಸರು ಇಟ್ಟಿದಾರೆ. ನಿನ್ನ ಗಂಡನಿಗೂ ನಾಮಕರಣದಲ್ಲಿ ಅವನ ತಾತನ ಹೆಸರೇ ಇಟ್ಟಿದ್ದು.”

“ಇಂಗ್ಲಿಷಿನವರು ಹಾಗೆಲ್ಲ ಇಡ್ತಾರಾ ಅತ್ತೆ?”

“ಸಾಹೇಬ್ರು ಅಷ್ಟು ದಿನ ನಮ್ಮ ಸೀಮೇಲಿ ಓಡಾಡಿದ್ರಲ್ಲ, ಹೆನ್ರಿಗೂ ಹೇಳ್ಕೊಟ್ಟಿರ್ತಾರೆ.”

ಪುಸ್ತಕದ ಏಳನೇ ಅಧ್ಯಾಯ ಇಡೀ ಆ ಮೊದಲ ಹೆನ್ರಿಯದೇ. ಸಾಹೇಬ ಬರೆದ ಒಂದು ಸಾಲನ್ನು ಹಿಂಜಿ ಹಿಂಜಿ ವೇದವಲ್ಲಿ ಅವನನ್ನು ಕಟ್ಟಿ ನಿಲ್ಲಿಸಿದ್ದರು. ಮಿತಭಾಷಿ, ತಾಳ್ಮೆಯ ಮೂರ್ತಿ, ಒಡೆಯನಿಗಾಗಿ ಹುಟ್ಟೂರನ್ನೇ ಬಿಟ್ಟು ಬಂದ ಯುವಕ.

ಅಂಥ ಮನೆತನದ ಹಿರಿಯರ ಮುಂದೆ ಬರಿಗೈಯಲ್ಲಿ ನಿಲ್ಲುವುದೇ? ಶಾಲು ಬಂತು, ಮೈಸೂರು ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ಹಂಸಾ ಸೂಪರ್ ಮಾರ್ಕೆಟ್ಟಿನ ಸೇವಂತಿಗೆ ತಂದು ಹಾರ ಕಟ್ಟಿದಳು. ಮೈಸೂರು ಪಾಕು ಮಾತ್ರ ಬೇಡವಾಯಿತು. ಹೆನ್ರಿ ಸಾನ್‌ಗೆ ಹಲ್ಲಿಲ್ಲ, ಸಿಹಿ ಕೊಡುವ ಹಾಗಿಲ್ಲ, ಹೆಚ್ಚಾಗಿ ಸೊಪ್ಪು ತರಕಾರಿಯೇ ಅಂತೆ.

“ಸಾತ್ವಿಕರು!” ವೇದವಲ್ಲಿಗೆ ಹಿಗ್ಗು.

ಶ್ರೀಪಾದನೂ ರೈಲು ಹತ್ತಿದ, ಕಣ್ಣಾರೆ ನೋಡಬೇಕೆಂದು.

“ಕ್ರಾಲಿ ಸಾಹೇಬ್ರನ್ನ ಕಂಡ ಒಬ್ರನ್ನ ತೋರಿಸಿ ಮೇಡಂ, ನಾನೇ ಅಚ್ಚು ಹಾಕಿಸ್ತೀನಿ.”

“ಕಂಡವರೆಲ್ಲ ಹೋಗಿ ಎಷ್ಟು ಕಾಲ ಆಯ್ತಪ್ಪ! ಮೊಮ್ಮಗನ ಮಾತು ಸಾಲದಾ?”

“ಯಾರೋ ಹೇಳಿದ್ದನ್ನ ಕೇಳಿದ್ದು ಪ್ರೂಫ್ ಆಗಲ್ಲ.”

ವೇದವಲ್ಲಿ ಯೋಚನೆಗೆ ಬಿದ್ದರು. ಅವನ ಮಾತು ಸುಳ್ಳಲ್ಲ. ಮುದುಕರಿಗೆ ಮರೆವು ಬೇರೆ ಇದ್ದರೆ, ಪುಸ್ತಕ ಕಾದಂಬರಿಯಾಗಿಯೇ ಉಳಿಯುತ್ತದೆ.

ಕೋಬೆಯ ಮನೆಯ ಬಾಗಿಲಲ್ಲಿ ಮೊರಿತಾ ಸಾನ್ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಅವಳ ಮಾತನ್ನು ಹಂಸಾ ಕನ್ನಡಕ್ಕೆ ತಂದಳು: “ಈಗಷ್ಟೇ ಎದ್ದಿದಾರಂತೆ. ಹಿಂದುಗಡೆ ತೋಟದಲ್ಲಿದಾರೆ, ಕರೆದ್ರೆ ಬರ್ತಾರೆ. ಸ್ವಲ್ಪ ನಿಧಾನ, ಬೇಜಾರು ಮಾಡ್ಕೋಬೇಡಿ ಅಂತಿದಾರೆ.”

“ಬರ್ಲಿ, ಬರ್ಲಿ, ವಯಸ್ಸಾದವರು,” ಎಂದ ವೇದವಲ್ಲಿ ಹಾರ ಹಿಡಿದು ಜಗಲಿಯ ಅಂಚಿನಲ್ಲಿ ನಿಂತರು. ಶ್ರೀಪಾದ ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿದ. ಮೊರಿತಾ ಸಾನ್ ಕೂಗಿದಳು. ಪೊದೆ ಅಲುಗಿತು. ತುಂಬಾ ಹೊತ್ತು ಬರಿ ಅಲುಗುತ್ತಲೇ ಇತ್ತು.

ಕೊನೆಗೆ ಹೊರಬಂದದ್ದು ಊಟದ ಮೇಜಿನಷ್ಟು ಅಗಲದ ಒಂದು ಆಮೆ. ಚಿಪ್ಪಿಗೆ ಬಡಿದಿದ್ದ ಹಿತ್ತಾಳೆ ತಗಡಿನಲ್ಲಿ ಆ ದ್ವೀಪದ ಹೆಸರು, ಹಡಗು ಹತ್ತಿದ ವರ್ಷ, ಕೆಳಗೆ “ಹೆನ್ರಿ, ಟಿ. ಕ್ರಾಲಿಯ ಜೊತೆಗಾರ” ಎಂದಿತ್ತು. ಶ್ರೀಪಾದ ಮೊಬೈಲನ್ನು ತಗಡಿನ ಹತ್ತಿರ ಹಿಡಿದು ಅದನ್ನು ಎರಡು ಸಲ ಓದಿದ. ವೇದವಲ್ಲಿ ಬಗ್ಗಿ ಹಾರ ಹಾಕಿದರು, ಹೆನ್ರಿ ಸಾನ್ ಕತ್ತು ಚಾಚಿ ಅದನ್ನು ಒಂದು ಕಡೆಯಿಂದ ಮೆಲ್ಲತೊಡಗಿದರು.

“ಸಾಹೇಬ್ರನ್ನ ಕಂಡವರನ್ನ ತೋರಿಸಿ ಅಂದ್ಯಲ್ಲಪ್ಪ, ನೋಡ್ಕೋ,” ಎಂದರು ವೇದವಲ್ಲಿ, ಕಣ್ಣೊರೆಸಿಕೊಂಡು. “ಅಚ್ಚಿಗೆ ಕೊಡು. ಏಳನೇ ಅಧ್ಯಾಯ ಮಾತ್ರ ನಾಳೆ ಹೊಸದಾಗಿ ಬರೆದು ಕೊಡ್ತೀನಿ.”