ಖಾರದ ಪಾತ್ರೆ

ತಾಯಿ ಖಾರದ ಪಾತ್ರೆಯ ಸೌಟನ್ನೇ ಎತ್ತಿ ಮಗನ ಅನ್ನದ ಮೇಲೆ ಸಾರು ಸುರಿದಳು. ತನ್ನ ಕ್ಷೌರದಂಗಡಿಯಿಂದ ಮಧ್ಯಾಹ್ನದ ಊಟಕ್ಕೆ ಬಂದಿದ್ದ ಮಗ, ಕಲಸಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. "ಅತ್ತೆ, ಅದು ನಿಮ್ಮ ಖಾರದ್ದು. ಇವರಿಗೆ ನೆತ್ತಿಗೇರಿದ್ರೆ ಅಂಗಡೀಲಿ ಯಾರದೋ ಕಿವಿ ಕತ್ತರಿಸಿ ಬರ್ತಾರೆ," ಎಂದು ಸೊಸೆ ಸಪ್ಪೆ ಸಾರನ್ನು ಮುಂದೆ ತಳ್ಳಿದಳು.

"ಇದು ಅವನದ್ದೇ," ಎಂದಳು ತಾಯಿ.

ಮೂವತ್ತು ವರ್ಷದ ಹಿಂದೆ ಅವಳ ಅವಳಿ ಮಕ್ಕಳಲ್ಲಿ ಒಬ್ಬ ಕೆರೆಯಲ್ಲಿ ಮುಳುಗಿಹೋಗಿದ್ದ. ಇಬ್ಬರದೂ ಒಂದೇ ಅಚ್ಚು. ಒಬ್ಬನಿಗೆ ಖಾರವಿಲ್ಲದೆ ತುತ್ತು ಇಳಿಯದು, ಇನ್ನೊಬ್ಬ, ತಾಯಿಯ ಮುದ್ದಿನವನು, ಮೆಣಸಿನಕಾಯಿ ಕಂಡರೇ ಓಡುತ್ತಿದ್ದ. ಆ ಸಂಜೆ ಅವಳು ಉಳಿದವನಿಗೆ ಸಪ್ಪೆ ಸಾರು ಬಡಿಸಿ, ಸತ್ತವನ ಹೆಸರು ಹಿಡಿದು ಕರೆದಳು. ಆರು ವರ್ಷದ ಮಗು ಅವಳ ಮುಖ ನೋಡಿ ಸದ್ದಿಲ್ಲದೆ ಉಂಡಿತು. ಅಂದಿನಿಂದ ಅವನು ಆ ಹೆಸರಿಗೇ ಓಗೊಟ್ಟ, ಆ ಸಾರನ್ನೇ ಉಂಡ. ಖಾರದ ಸಾರು ಮಾಡುವುದನ್ನು ಮಾತ್ರ ಅವಳು ಒಂದು ದಿನವೂ ನಿಲ್ಲಿಸಲಿಲ್ಲ.

"ಗೊತ್ತಿದ್ದೇ ನಿನ್ನನ್ನ ಅವನ ಹೆಸರಲ್ಲಿ ಕರೆದೆ ಕಣೋ," ಎಂದಳು ತಾಯಿ ಈಗ. " ನನಗೆ ಅವನೇ ಬೇಕಾಗಿದ್ದ. ಕಣ್ಣು ಮುಚ್ಚೋ ಮೊದಲು ನಿನ್ನದನ್ನ ನಿನಗೆ ಬಡಿಸಬೇಕು ಅನ್ನಿಸ್ತು. ಉಣ್ಣು."

ಮಗ ಒಂದು ತುತ್ತು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು, ಕೆಮ್ಮು ಒತ್ತರಿಸಿತು. ತುತ್ತನ್ನು ತಟ್ಟೆಯ ಅಂಚಿಗೆ ಉಗುಳಿ ನೀರಿನ ಲೋಟಕ್ಕೆ ಕೈ ಚಾಚಿದ. "ಆಗ್ತಿಲ್ಲ ಅಮ್ಮ. ನಿಜವಾಗ್ಲೂ ಆಗ್ತಿಲ್ಲ."

ಸೌಟು ಹಿಡಿದೇ ತಾಯಿ ಬಾಗಿ ಅವನ ಮುಖ ನೋಡಿದಳು.

"ಹಾಗಾದ್ರೆ," ಎಂದು ಮೆಲ್ಲಗೆ ಕೇಳಿದಳು, "ಖಾರ ತಿನ್ನೋ ನನ್ನ ಮಗ ಎಲ್ಲಿ?"